ಮಣಿಕಟ್ಟಿನ ತನಕ

ಅಪ್ಪ ಕತ್ತರಿಸಿಟ್ಟಿದ್ದು ಕ್ರಿಕೆಟ್ಟಿನ ಸ್ಕೋರು.
ಮೊನ್ನೆ ಅದರ ಬೆನ್ನು ತಿರುವಿದೆ:
ಕಾಕ್ಸ್ ಟೌನಿನ ಸಿಮೆಂಟು ಅಂಕಣ,
ಎಂಟನೇ ನಂಬರಿನ ಬನೀನು,
ನೆಲ ಬಿಟ್ಟ ಚೌರಪ್ಪ.
ಮಣಿಕಟ್ಟಿನ ಮೇಲೆ ಕತ್ತರಿ ಆಡಿದೆ,
ಕೈಯಿಲ್ಲ, ಚೆಂಡಿಲ್ಲ.

ಅವನ ಕೀರ್ತಿ ಇದ್ದದ್ದೇ ಐದಾರು ಬೀದಿ.
ಸೈರನ್ ಕೂಗಿದ ಮೇಲೆ
ಲೇತಿನ ಎಣ್ಣೆ ಉಗುರಲ್ಲೇ ಇಟ್ಟುಕೊಂಡು ಬರುತ್ತಿದ್ದ.
ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟ ನಾವು,
ನಡುವೆ ಕಾಮೆಂಟರಿಯ ಟ್ರಾನ್ಸಿಸ್ಟರು.
ಅವನು ಹಾರಿದಾಗ ಮಾತ್ರ
ಯಾರೋ ಅದರ ಕಿವಿ ಹಿಂಡುತ್ತಿದ್ದರು.

ಸಲೂನಿನಲ್ಲಿ ‘ಚೌರಪ್ಪ ಕಟಿಂಗ್’ ಅಂದರೆ ಸಾಕಿತ್ತು,
ಎರಡು ವರ್ಷ.
ಆಮೇಲೆ ವಿಶ್ವಕಪ್ಪು ಬಂತು,
ಕ್ರಾಪುಗಳೂ ಬದಲಾದವು.

ಚೂರನ್ನು ದೀಪಕ್ಕೆ ಹಿಡಿಯುತ್ತೇನೆ.
ಆ ಕಡೆಯ ರನ್ನುಗಳು
ಅವನ ಎದೆಯ ಮೇಲೆ ತಲೆಕೆಳಗಾಗಿ ಮೂಡುತ್ತವೆ.
ಚೆಂಡು ಹೋಗಲಿ,
ಆ ಕರಿ ಉಗುರೊಂದು
ಉಳಿದಿದ್ದರೂ ಸಾಕಿತ್ತು.