ಒಂದು ಗುಂಡಿ, ಒಂದು ಫುಗ್ಗಾ

ಡಿಸೆಂಬರ್ ಇಪ್ಪತ್ಮೂರು, ಸಂಜಿಮುಂದ
ಬೆಟಗೇರಿ ಓಣ್ಯಾಗಿನ ನನ್ನ ಬಳಿ ಅಂಗಡಿಗೆ
ಎರಡು ಗಿರಾಕಿ ಬಂದ್ರು.
ಒಂದರ ಗದ್ದ ಗಾಜಿನ ಕಪಾಟಿನ ಮ್ಯಾಲ,
ಇನ್ನೊಂದರದು ಬರೇ ಕೂದಲ ಕಾಣ್ತಿತ್ತು.

ಕೊಬ್ಬರಿ ಎಣ್ಣಿ ಡಬ್ಬಿ ಬೋರಲ ಹಾಕಿ
ಚಿಲ್ಲರ ಸುರವಿದ್ರು. ಎಣಿಸಿದ್ರ ಮೂವತ್ತೊಂದು ರೂಪಾಯಿ,
ಕೈಯೆಲ್ಲಾ ಜಿಡ್ಡು.
ದೊಡ್ಡಕಿ ಎಸ್ತೇರ ಚೀಟಿ ತಗದ್ಲು:
"ಚಾಚಿ, ಒಂದು ಗುಂಡಿ. ನೀಲಿ. ನಾಕು ತೂತಿಂದು."

ಒಂದು?
ಗುಂಡಿ ಅಂದ್ರ ಹನ್ನೆರಡು,
ಪಟ್ಟಿಗೆ ಹೊಲದ ಬರ್ತಾವು ನಮಗ.
"ಅಪ್ಪನ ಅಂಗಿದು ಎರಡನೇದು ಬಿದ್ದೈತ್ರಿ.
ಚರ್ಚಿನ್ಯಾಗ ಹಾಡು ಹೇಳೂಮುಂದ
ಪುಸ್ತಕ ಎದಿಗೆ ಒತ್ತಿ ಹಿಡೀತಾನ.
ಎಲ್ಲಾರೂ ಭಕ್ತಿ ಅಂತ ತಿಳಕೊಂಡಾರ."

ಕತ್ರಿ ಹಾಕಿದೆ,
ಹನ್ನೊಂದು ಉಳದ ಪಟ್ಟಿ ಇನ್ಯಾರ ತಗೋತಾರ
ಅಂತ ಒಳಗ ಬೈಕೋತ.

ಆಮ್ಯಾಲ ದಪ್ಪ ಸೂಜಿ ಒಂದು ಪಾಕೀಟು, ಬಿಳೇ ದಾರದ ಉಂಡಿ.
ಆಯಿ ಕೌದಿ ಹೊಲೀತಾಳ, ಸೂಜಿ ಕಣ್ಣು
ಅಕಿ ಕಣ್ಣಿಗೆ ಹತ್ತೂದಿಲ್ಲ.
ದಿನಕ್ಕ ಮೂವತ್ತು ಸಲ, "ದಾರಾ ಪೋಣಿಸಿ ಕೊಡು ಬಾರವಾ."
"ಎಲ್ಲಾಕ್ಕೂ ಮೊದಲ ಪೋಣಿಸಿ
ಸಣ್ಣ ದಿಂಬಿಗೆ ಚುಚ್ಚಿ ಕೊಡ್ತೀನಿ.
ಇನ್ನ ಯಾರನ್ನೂ ಕರಿಯೂದ ಬ್ಯಾಡ."
ಸುಮ್ನಿರಬೇಕಿತ್ತು. ಬಾಯಿ ಕೇಳಲಿಲ್ಲ:
"ಹಂಗಾದ್ರ ಆಯಿ ನಿನ್ನ ಕರಿಯೂದ ಬಿಟ್ಟಾಳಲ್ಲವಾ?"
ಹುಡುಗಿ ಪಾಕೀಟು ಹಿಡಕೊಂಡು
ರಸ್ತಾದಾಗಿನ ಟಂಟಂ ನೋಡಿದ್ಲು,
ಬಹಳ ಹೊತ್ತು.
"ನಾಕು ಖಾಲಿ ಬಿಡ್ತೀನಿ ತಗೋರಿ."

ಅಷ್ಟ್ರಾಗ ಕೂದಲು ಮಾತಾಡಿತು: "ಒಂದು ಫುಗ್ಗಾ."
ಹಬ್ಬಕ್ಕ ಒಂದ ಫುಗ್ಗಾ ಏನೋ ದಾನಿ,
ಬಾಗಲದಾಗಿನ ಚುಕ್ಕಿಗೆ ಕಟ್ಟಾಂವೇನು?
"ನಳಕ್ಕ."

ನಮ್ಮ ಓಣ್ಯಾಗ ನೀರು ಎಂಟು-ಹತ್ತು ದಿನಕ್ಕೊಮ್ಮೆ,
ಅದೂ ಕಳ್ಳರ ಹಂಗ ನಡುರಾತ್ರಿ.
ಅವ್ವ ನಿದ್ದಿಗೆಟ್ಟು ನಳದ ಬಾಜೂಕ ಕುಂಡ್ರತಾಳ.
ನೀರಿಗಿಂತ ಮೊದಲ ಗಾಳಿ ಬರತೈತಿ, ಹೌದಿಲ್ಲೋ?
ಬಾಯಿಗೆ ಫುಗ್ಗಾ ಕಟ್ಟಿದ್ರ
ಉಬ್ಬಿ, ಉಬ್ಬಿ, ಡಬ್ಬ್.
"ನಾವಿಬ್ರೂ ಪಡಸಾಲ್ಯಾಗ ಮಲಗ್ತೀವಿ.
ಅವ್ವಗ ಒಳಗ ಕೇಳೂದಿಲ್ಲ.
ಅಕಿಗೆ ನಿದ್ದಿ ಕೊಡಾಕತ್ತೀವ್ರಿ. ಒಂದು ರಾತ್ರಿದು."

ಬಣ್ಣದ ಕಾಗದಕ್ಕ ರೊಕ್ಕ ಸಾಲಲಿಲ್ಲ.
ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಹರದು ಕೊಟ್ಟೆ:
ಜುಲೈದಾಗ ಗುಂಡಿ,
ಆಗಸ್ಟಿನ್ಯಾಗ ಸೂಜಿ.
ನಿದ್ದಿ ಹ್ಯಾಂಗ ಸುತ್ತೂದು ಅಂತ
ಜಗಳಾಡಕೋತ ಹೋದ್ರು ಇಬ್ರೂ.

ಮರುದಿನ ರಾತ್ರಿ, ಎರಡೂಕಾಲಕ್ಕ,
ಓಣಿಗೆ ಓಣಿ ಕೇಳೂಹಂಗ ಡಬ್ಬ್!
ನಾಯಿ ಎದ್ದವು. ಮುಲ್ಲಾರ ಮನಿ ಕೂಸು ಎದ್ದಿತು.
ನಾನೂ ಕೊಡ ತಗೊಂಡು ಹೊರಗ ಬಂದೆ.
ಎದುರಿಗೆ ಎರಡು ಮಂಕಿ ಟೊಪಗಿ,
ಒಂದು ಪೈಪಿಗೆ, ಒಂದು ಬ್ಯಾಟರಿ ಹಿಡದು.
ಬ್ಯಾರಲ್ ತುಂಬಿತು, ಹಂಡೇವು ತುಂಬಿತು,
ಒಂದು ಕೊಡ ಮಗಚಿ ಬಿತ್ತು
ಕಲ್ಲಿನ ಮ್ಯಾಲ ಢಣ್ ಅಂತ.
ಒಳಗಿನ ಖೋಲಿ ಕಿಡಕಿ ಕತ್ತಲ.
ಯಾರೂ ಬೈಲಿಲ್ಲ.

ಹಬ್ಬ ಆದಮ್ಯಾಲ ಸುಗುಣಾ ಬಂದ್ಲು,
ತಾಟಿನ ತುಂಬ ಕರಚಿಕಾಯಿ, ಮ್ಯಾಲ ಜುಲೈ ತಿಂಗಳಾ ಮುಚ್ಚಿ.
ಅತ್ತಿ ಸುದ್ದಿ ಹೇಳಿ ನಕ್ಕಳು:
ದಿಂಬು ತಡವಿ ತಡವಿ, ದಾರಿಲ್ಲದ ಸೂಜೀನ ಮೊದಲ ಕೀಳ್ತಾರಂತ.
ಆಮ್ಯಾಲ ದನಿ ಇಳಿಸಿದ್ಲು:
"ಫುಗ್ಗಾಕಿಂತ ಮೊದಲ ನನಗ ಎಚ್ಚರಾಗಿತ್ತು ಚಾಚಿ.
ಹದಿನಾಕು ವರ್ಷದ ರೂಢಿ. ಗಾಳಿ ಸಪ್ಪಳಕ್ಕ
ಕಾಲು ತಾವ ಕೆಳಗಿಳೀತಾವು.
ಕೊಡ ಬಿದ್ದಾಗಂತೂ ಸೆರಗು ಬಾಯಾಗ ತುರುಕ್ಕೊಂಡೆ.
ನೀರು ತುಂಬೂದು ಸಸಾರ ನೋಡ್ರಿ,
ಕಣ್ಣು ಮುಚ್ಚಿ ಮಲಗೂದ ತ್ರಾಸು.
ಹುಡುಗ್ರ ಮುಂದ ಹೇಳಬ್ಯಾಡ್ರಿ ಮತ್ತ."

ಇಲ್ಲ ಅಂದೆ.
ದಾನಿ ಬಂದು ಕೇಳಿದಾಗ್ಲೂ
"ನಿಮ್ಮವ್ವನ ಗೊರಕಿ ನನ್ನ ಮನಿತನಕ ಕೇಳಿತ್ತಲ್ಲೋ" ಅಂದೆ.
ಅಂವ ಖರೇ ಅಂತ ನಂಬಿ,
ಕೂದಲಷ್ಟ ಅಲ್ಲ, ಹಣಿತನಕ ಕಾಣೂವಷ್ಟು
ಎತ್ತರ ನಿಂತ.

ಹನ್ನೊಂದು ಗುಂಡಿ ಪಟ್ಟಿ
ಇನ್ನೂ ಅಲ್ಲೇ ತೂಗ್ಯಾಡತೈತಿ.
ಯಾರೂ ತಗೊಂಡಿಲ್ಲ. ನಾನೂ
ತಗದು ಇಟ್ಟಿಲ್ಲ.