ಎಂಟು ಅಡಿ ಆಚೆ

ಹನಿ ಬೀಳುತ್ತಿದ್ದದ್ದು ಹೊಲಿಗೆ ಮಿಷನ್ನಿನ ಮೇಲೆ,
ಸರಿಯಾಗಿ ಸೂಜಿಯ ಪಕ್ಕ,
ಯಾರದೋ ಧಾರೆ ಸೀರೆಗೆ ಫಾಲ್ಸ್ ಹಚ್ಚುವ ಹೊತ್ತಿಗೆ.
ಮಿಷನ್ ಸರಿಸಿದೆ. ಹನಿಯೂ ಸರಿಯಿತು.
ಆಮೇಲೆ ಬೋಗುಣಿ, ಆಮೇಲೆ ಬಕೆಟ್ಟು,
ಆಮೇಲೆ ಆರೋಗ್ಯಪ್ಪ.

ಬೇಗೂರಿನಿಂದ ಟಿವಿಎಸ್ಸಿನಲ್ಲಿ ಬಂದ.
ಇಡೀ ಚಾಮರಾಜಪೇಟೆಗೆ ಹೆಂಚು ಹತ್ತುವವನು
ಈಗ ತಾನೊಬ್ಬನೇ ಅಂದ;
ಜಂಬವೋ ಅಳಲೋ ತಿಳಿಯಲಿಲ್ಲ.
ಅರವತ್ತು ದಾಟಿದ ಮೈ. ಬರಿಗಾಲು.
ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ನಿಂತಿತ್ತು,
ಬೇರೆ ಸಂಸಾರ ಹೂಡಿದ ಹಾಗೆ.

ಕೂಡಲೇ ಹತ್ತಲಿಲ್ಲ.
ನಡುಮನೆಯಲ್ಲಿ ಚಾಪೆ ಹಾಸಿಸಿ ಅಂಗಾತ ಮಲಗಿದ,
ಲೈಟು ಆರಿಸಿ, ಬಾಗಿಲು ಮುಚ್ಚಿ ಅಂದ.
ಕತ್ತಲಲ್ಲಿ ಬಿಸಿಲಿನ ಏಳು ಚುಕ್ಕೆ.
ಒಂದೂ ಮಿಷನ್ನಿನ ನೆತ್ತಿಗಿಲ್ಲ.
"ನೋಡಿದ್ರಾ? ತೊಟ್ಟಿಕ್ಕೋ ಜಾಗ ಬೇರೆ, ಸೋರೋ ಜಾಗ ಬೇರೆ.
ಕಳ್ಳ ಬಂದ ಬಾಗಿಲಲ್ಲೇ ಕೂತಿರ್ತಾನಾ ಅಮ್ಮಾ?
ಬಟ್ಟೆಗೆ ಗುರುತು ಹಾಕ್ತೀರಲ್ಲ,
ಆ ನೀಲಿ ಸೀಮೆಸುಣ್ಣ ಕೊಡಿ."

ಸ್ಟೂಲು ಹತ್ತಿ ಒಂದೊಂದು ಪಕಾಸಿಗೂ
ಉದ್ದಕ್ಕೂ ನೀಲಿ ಗೆರೆ ಎಳೆದ.
ಆಮೇಲೆ ತಾನು ಮೇಲೆ, ನಾನು ಕೆಳಗೆ.
ಸೂರಿನಿಂದ ಶುರು, ಸಾಲಿಗೆ ನಾಲ್ಕು ಚೊಂಬು ನೀರು.
"ಬಂತಾ?"
"ಇಲ್ಲ."
"ಈಗ?"
"ಇಲ್ಲಪ್ಪಾ."
ಕತ್ತು ನೋಯುವವರೆಗೂ ಇಲ್ಲ ಇಲ್ಲ ಅಂದೆ.
ಒಂಬತ್ತನೇ ಸಾಲು, ಅಡುಗೆಮನೆ ಗೋಡೆಗೆ ಹೆಂಚು ಸೇರುವ ಸಂದು:
ಗೆರೆ ಅಳಿಸಿತು. ನೀಲಿ ಹನಿಯೊಂದು
ಪಕಾಸಿನ ಹೊಟ್ಟೆಗೆ ಅಂಟಿಕೊಂಡೇ ಜಾರಿತು,
ಒಂದು ಗಂಟಿನ ಬಳಿ ನಿಂತು ಯೋಚಿಸಿತು,
ಮತ್ತೆ ಹೊರಟು, ಎಂಟು ಅಡಿ ದಾಟಿ,
ಮಿಷನ್ನಿನ ಮೇಲೆ ಟಪ್ಪೆಂದಿತು.
"ಬಂತು!" ಕೂಗಿದೆ, ಬಸುರಿ ನೋವಿನ ಸುದ್ದಿ ಹೇಳಿದ ಹಾಗೆ.

ಮೇಲಿಂದ ಆರೋಗ್ಯಪ್ಪನ ಬೈಗುಳ:
"ಯಾವ ಪುಣ್ಯಾತ್ಮ ಇಲ್ಲಿ ಸಿಮೆಂಟು ಮೆತ್ತಿದ್ದು?
ಹೆಂಚು ಮಧ್ಯಾಹ್ನ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ.
ಸಿಮೆಂಟು ಕೂತಲ್ಲೇ ಕೂರುತ್ತೆ, ಸೀಳು ಬಿಡುತ್ತೆ,
ಹೊರಗೆ ಹೋಗೋ ನೀರನ್ನೂ ಹಿಡಿದು ಒಳಗೆ ಕಳಿಸುತ್ತೆ!"

ಒಂದು ಭಾನುವಾರ ಇವರು ಲುಂಗಿ ಎತ್ತಿ ಕಟ್ಟಿ,
ಕರಣೆ ಇಲ್ಲದೆ ನನ್ನ ಸಾರಿನ ಸೌಟು ಹಿಡಿದು ಹತ್ತಿದ್ದು;
ಏಣಿ ಹಿಡಿದು ನಾನು ಸೌಟಿಗಾಗಿ ಬೈದದ್ದು;
ಇಳಿದು ಬಂದು, ಮೂಗಿನ ಮೇಲೆ ಸಿಮೆಂಟು,
"ಇನ್ನು ಒಂದು ಹನಿ ಬಿದ್ದರೆ ನನ್ನನ್ನ ಕೇಳು" ಎಂದದ್ದು.
ಆರು ವರ್ಷವಾಯಿತು, ಕೇಳೋಣವೆಂದರೆ ಇಲ್ಲ.

"ಯಾರೋ ಗಾರೆಯವರು," ಅಂದೆ.
"ಗಾರೆಯವನಲ್ಲ ಬಿಡಿ," ಉಳಿ ಇಟ್ಟ.
"ಲೆಕ್ಕ ಬರೆಯೋನಿರಬೇಕು.
ಇಷ್ಟು ನೀಟಾಗಿ ತಪ್ಪು ಮಾಡಿದ್ದಾನೆ."
ಬಿನ್ನಿ ಮಿಲ್ಲಿನ ರೋಕಡ ಪುಸ್ತಕ ನೆನಪಾಗಿ
ಸೆರಗು ಬಾಯಿಗಿಟ್ಟುಕೊಂಡೆ, ನಗುವಿಗೆ.

ಕುಟ್ಟಿ ಕುಟ್ಟಿ ಅಷ್ಟನ್ನೂ ಎಬ್ಬಿಸಿದ.
ಸಂದಿಗೆ ತಗಡು ಮಡಿಸಿ ಗೋಡೆಯ ಗೀರಿಗೆ ತುರುಕಿದ.
ಒಡೆದವು ಹದಿನಾಲ್ಕು; ಹೊಸ ಹೆಂಚು ಕೂರಲಿಲ್ಲ,
ಹಲ್ಲಿಗೆ ಹಲ್ಲು ಕಚ್ಚಲಿಲ್ಲ.
ಶಂಕರಪುರದಲ್ಲಿ ಕೆಡವುತ್ತಿದ್ದ ಮನೆಯೊಂದರಿಂದ
ಗೋಣಿಯಲ್ಲಿ ಹೊತ್ತು ತಂದ ಹಳೆಯವು ಕೂತವು,
ಬೆನ್ನಿನ ಮೇಲೆ ಯಾರದೋ ಅಡುಗೆಯ ಹೊಗೆ ಸಮೇತ.
ಒಂದರ ಮೇಲೊಂದು ಮೂರು ಬೆರಳು,
ಎಲ್ಲೂ ಮೆತ್ತಲಿಲ್ಲ. "ಸಡಿಲ ಇರಲಿ," ಅಂದ.

ಕೂಲಿ ಎಣಿಸಿಕೊಂಡು, ಎರಡು ಲೋಟ ಕಾಫಿ ಕುಡಿದು ಹೋದ.
ಅಂಗಳದ ಕಸ ಗುಡಿಸುವಾಗ ಅಂಗೈಯಗಲದ ಚೂರು ಸಿಕ್ಕಿತು:
ಮೊಳೆಯಲ್ಲಿ ಗೀಚಿದ ತಾರೀಖು, ಕೆಳಗೆ
ಚೆಕ್ಕಿಗೆ ಹಾಕುವಂಥ ಪುಟ್ಟ ಸಹಿ.
ಒಳಗೆ ತಂದೆ. ದೇವರ ಮನೆಗೆ ಅಲ್ಲ.
ಮಿಷನ್ನಿನ ಎಡಗಾಲು ಮೊದಲಿನಿಂದಲೂ ಕುಂಟು,
ಅದರಡಿಗೆ ತಳ್ಳಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ಗುರುವಾರ ಮಳೆ ಹೊಯ್ದಿತು.
ಪಕಾಸಿನ ಮೇಲೆ ಉಳಿದ ಗೆರೆ ನೀಲಿಯಾಗಿಯೇ ಇದೆ.
ಧಾರೆ ಸೀರೆಯವರು ಎರಡು ಸಲ ಫೋನು ಮಾಡಿದರು.
ಇನ್ನೊಂದು ಮೊಳ ಇದೆ, ಬನ್ನಿ, ಅಂದೆ.