ಕೂಗುವವರಿಗಾಗಿ

ಚಿಲೊಯೆ ದ್ವೀಪ, ಕಾಸ್ತ್ರೋ ಬಂದರಿನ ಕಚೇರಿ.
ಮೂಲೆಯ ಹಳೆ ಕಂಪ್ಯೂಟರಿನೊಳಗೆ ಒನೋಫ್ರೆ ಮಾನ್ಸಿಯಾ
ಇಪ್ಪತ್ತೆರಡು ವರ್ಷದ ಹಿಂದೆ ಬರೆದಿಟ್ಟ
ಉಬ್ಬರವಿಳಿತದ ಲೆಕ್ಕ.
ಅವನು ಹೋಗಿ ಆರು ವರ್ಷ. ಲೆಕ್ಕ ತಪ್ಪಿಲ್ಲ.

ತೆಗೆದುಹಾಕಿ, ಎಂದು ಪ್ವೆರ್ತೊ ಮೋಂತ್‌ನಿಂದ ಆದೇಶ.
ಈಗ ಎಲ್ಲವೂ ಉಪಗ್ರಹದಿಂದ ಬರುತ್ತದಂತೆ.
ತೆಗೆಯಬೇಕಾದವಳು ನಾನು, ಎದುವಿಹಿಸ್ ಬಾರ್ರೀಯಾ.

ಗುಂಡಿ ಒತ್ತಿದರೆ ಪರದೆ ಕೇಳಿತು:
ಈ ಕಡತವನ್ನು ಬೇರೆಯವೂ ಬಳಸುತ್ತಿರಬಹುದು. ಅಳಿಸಲೇ?
ಬೇರೆಯವು ಎಂದರೆ ಯಾವುವು?
ಅದಕ್ಕೂ ಗೊತ್ತಿಲ್ಲ.
ಗೊತ್ತಿಲ್ಲವೆಂದು ಇಷ್ಟು ಮರ್ಯಾದೆಯಿಂದ ಒಪ್ಪಿಕೊಂಡವರನ್ನು
ಈ ಕಚೇರಿಯಲ್ಲಿ ನಾನು ಕಂಡಿಲ್ಲ.

ಮುಳ್ಳಿನ ಮೇಲೆ ಬಿದ್ದ ಬಟ್ಟೆ ಇದು.
ಎಳೆದರೆ ಹರಿಯುತ್ತದೆ.
ಒಂದೊಂದೇ ಮುಳ್ಳು ಹುಡುಕಿ ಬಿಡಿಸಬೇಕು.

ಅಳಿಸಲಿಲ್ಲ. ನಿಲ್ಲಿಸಿದೆ, ಅಷ್ಟೆ.
ಒಂದು ಪ್ರತಿ ತೆಗೆದು ಡಿಸ್ಕಿನ ಬೆನ್ನಿಗೆ ತಾರೀಖು ಬರೆದೆ.
ಒಲೆಗೆ ಕಟ್ಟಿಗೆ ಒಡ್ಡಿ ಕೂತೆ.
ನಮ್ಮ ಕಸುಬಿನ ಹಳೆಯ ಉಪಾಯ:
ಸುಮ್ಮನೆ ಆರಿಸು, ಯಾರು ಕೂಗುತ್ತಾರೆ ನೋಡು.

ಸೋಮವಾರ ಯಾರೂ ಕೂಗಲಿಲ್ಲ.
ದೋಣಿಯವರಿಗೆ ಫೋನೇ ಸಾಕು.
ಮಂಗಳವಾರ ಒಂದು ಕರೆ, ರಾಂಗ್ ನಂಬರ್.
ಬುಧವಾರ ಪೆಲಿಕನ್ ಒಂದು ಕಂಬದ ಮೇಲೆ ಕೂತು
ನನ್ನನ್ನೇ ದಿಟ್ಟಿಸಿ ಹೋಯಿತು. ಅದು ಲೆಕ್ಕಕ್ಕಿಲ್ಲ.

ಗುರುವಾರ ಮೆಲಾನಿಯಾ ಕಾರ್ಕಮೊ ಬಂದಳು.
ಸೊಂಟದವರೆಗೆ ಒದ್ದೆ, ಕೈಯಲ್ಲಿ ಖಾಲಿ ಚಿಪ್ಪುಬುಟ್ಟಿ.
ಕೂಗಲಿಲ್ಲ ಅವಳು. ಬಾಗಿಲಲ್ಲೇ ನಿಂತು
'ಪೀಂ ಅನ್ನುವುದು ಸತ್ತುಹೋಯಿತೇ?' ಎಂದಳು.

ನೀರು ತೀರ ಇಳಿದಾಗ ಯಂತ್ರ ಒಮ್ಮೆ ಪೀಂ ಅನ್ನುತ್ತಿತ್ತು,
ಒನೋಫ್ರೆ ತನ್ನ ತೂಕಡಿಕೆಗೆಂದು ಇಟ್ಟುಕೊಂಡದ್ದು.
ಕಿಟಕಿಯಾಚೆ ಮರಗಾಲುಗಳ ಮೇಲೆ ನಿಂತ ಮನೆಯಲ್ಲಿ
ಕಣ್ಣು ಮಂಜಾದ ಈಕೆ ಅದನ್ನು ಕೇಳಿಯೇ
ಬುಟ್ಟಿ ಎತ್ತಿಕೊಂಡು ಮರಳಿಗಿಳಿಯುತ್ತಿದ್ದಳು.
ಯಾವ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ.

ಒಲೆಯ ಪಕ್ಕ ಅವಳ ಬೂಟು ಒಣಗುವಷ್ಟರಲ್ಲಿ
ಹೊಸ ಯಂತ್ರದಲ್ಲಿ ನಾಲ್ಕು ಸಾಲು ಬರೆದೆ,
ಪೀಂ ಅನ್ನಲಷ್ಟೇ.
'ಸ್ವರ ಸ್ವಲ್ಪ ಎಳಸು' ಎಂದಳು. ಇರಲಿ ಎಂದಳು.

ಆಮೇಲೆ ಉಳಿದದ್ದನ್ನು ಅಳಿಸಿದೆ.
ಡಿಸ್ಕನ್ನು ಈಗ ತೆಗೆಯಬಹುದು, ಎಂದಿತು ಪರದೆ;
ಆದರೂ ಒಳಗಿನ ಸುತ್ತು ಪೂರ್ತಿ ನಿಲ್ಲುವವರೆಗೆ
ಮೇಲೆ ಬೆರಳಿಟ್ಟುಕೊಂಡೇ ಇದ್ದೆ.

ಆ ಒಂದು ಕಡತಕ್ಕೆ ಮಾತ್ರ ಬೇಡ ಅಂದಿದ್ದೇನೆ.
ಕೂಗಲು ಬಾರದವರು ಇನ್ನೂ ಇರಬಹುದು.
ಪ್ವೆರ್ತೊ ಮೋಂತ್‌ಗೆ ಬರೆದೆ: ತೆಗೆದಾಯಿತು.